ಮಾವನವರ ಬಯೋಸ್ ಸಂಕಲ್ಪ

ಮುಳಬಾಗಿಲಿನಲ್ಲಿ ಕಂಪ್ಯೂಟರಿಗೆ ತಿಥಿ ನಕ್ಷತ್ರ ಒಪ್ಪಿಸಿದ ಏಕೈಕ ಮಹಾಪುರುಷರೆಂದರೆ ನಮ್ಮ ಸೋದರಮಾವ. ನಕ್ಕಿರಾ? ನಗಿ. ನಾನೂ ವರ್ಷಗಟ್ಟಲೆ ನಕ್ಕಿದ್ದೇನೆ!

ಪೌರೋಹಿತ್ಯ ಮಾಡಿಕೊಂಡಿದ್ದ ಈ ಮಹಾನುಭಾವರಿಗೆ, ಎರಡು ಸಾವಿರದ ಎರಡರ ಸುಮಾರಿಗೆ, ಮಗಳು ತನ್ನ ಹಳೆಯ ಕಂಪ್ಯೂಟರ್ ತಂದುಕೊಟ್ಟಳು. ಅತ್ತೆ ದೇವರನಾಮದ ಸಿ.ಡಿ. ಕೇಳಲಿ ಎಂದು. ಅದರೊಳಗೆ ತಾರೀಕು, ಸೆಟ್ಟಿಂಗ್ ಎಲ್ಲ ನೆನಪಿಟ್ಟುಕೊಳ್ಳಬೇಕಾದ ಬಿಲ್ಲೆ ಬ್ಯಾಟರಿ ಸತ್ತಿತ್ತು. ಕರೆಂಟು ಹೋದರೆ ಸಾಕು, ಪುಣ್ಯಾತ್ಮ ಎಲ್ಲ ಮರೆಯುತ್ತಿತ್ತು, ತನಗೊಂದು ಸಿ.ಡಿ. ಡ್ರೈವ್ ಇದೆ ಎಂಬುದನ್ನೂ! ಆ ಊರಲ್ಲಿ ಕರೆಂಟು ಹೋಗದ ದಿನ ಯಾವುದು? ಹಾಗಾಗಿ ದಿನಾ ಬೆಳಿಗ್ಗೆ ಬಯೋಸ್ ಎಂಬ ನೀಲಿ ಪರದೆಗೆ ಹೋಗಿ ತಾರೀಕು ತಿದ್ದಿ, ಡ್ರೈವ್ ಇಲ್ಲ ಎಂದಿದ್ದುದನ್ನು ‘ಆಟೋ’ಗೆ ತಿರುಗಿಸಬೇಕು. ಎರಡು ನಿಮಿಷದ ಕೆಲಸ.

ಮಾವನವರಿಗೆ ಮುಕ್ಕಾಲು ಗಂಟೆ! ಮೊದಲು ಆಚಮನ. ಆಮೇಲೆ ಪಂಚಾಂಗ ಬಿಚ್ಚಿ ಸಂವತ್ಸರ, ಅಯನ, ಋತು, ಮಾಸ, ಪಕ್ಷವೆಲ್ಲವನ್ನೂ ಪರದೆಯ ಮುಂದೆ ಹೇಳಿ ಮುಗಿಸಿ, ಕೊನೆಗೊಂದು ತಾರೀಕು ಕುಟ್ಟುವುದು.

“ಮಾವ, ಅದಕ್ಕೆ ಬರೀ ತಾರೀಕು ಸಾಕು,” ಎಂದೆ ಒಮ್ಮೆ, ಮಾಲೂರಿನಿಂದ ಬಂದಿದ್ದಾಗ.

“ಮಂಕೇ! ದೇಶ ಕಾಲ ಹೇಳ್ದೆ ಯಾವನಾದ್ರೂ ಕೆಲಸ ಶುರು ಮಾಡ್ತಾನೇನೋ?”

ಅಡುಗೆಮನೆಯಿಂದ ಅತ್ತೆ ಕೂಗಿದರು: “ನಿನ್ನೆ ಅದರ ಗೋತ್ರಾನೂ ಹುಡುಕಿದ್ರು ಕಣೋ. ಸಿಗ್ಲಿಲ್ಲ ಅಂತ ಕಾಶ್ಯಪ ಗೋತ್ರಕ್ಕೆ ಸೇರಿಸಿದ್ರು!”

ಸೋಮವಾರದ ಕಥೆ ಇನ್ನೂ ಘೋರ. ಬೆಳಿಗ್ಗೆ ಏಳೂವರೆಯಿಂದಲೇ ರಾಹುಕಾಲ. ಸೆಟ್ಟಿಂಗ್ ಬದಲಿಸಿಯಾಗಿದೆ, ಅದನ್ನು ಉಳಿಸುವ ಎಫ್ ಟೆನ್ ಮಾತ್ರ ಒತ್ತುವಂತಿಲ್ಲ. ಕೀಲಿಯ ಮೇಲೆ ಬೆರಳಿಟ್ಟು ಒಂಬತ್ತಾಗುವುದನ್ನೇ ಕಾಯುತ್ತಾ ಕೂತರು. ಒಂಬತ್ತಕ್ಕೆ ಐದು ನಿಮಿಷವಿದ್ದಾಗ ಕರೆಂಟು ಹೋಯಿತು!

ಇಂಥವರಿಗೆ ಬುದ್ಧಿ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಬ್ಯಾಟರಿ ಬದಲಾಯಿಸಿ ಎಂದರೆ “ನೋಡೋಣ” ಎನ್ನುತ್ತಿದ್ದರು. ಕೊನೆಗೆ ನಾನೇ ಬಸ್ ಸ್ಟ್ಯಾಂಡ್ ಹತ್ತಿರದ ವಾಚ್ ರಿಪೇರಿ ಸಾಬರಿಂದ ಒಂದು ತಂದು, ಮಾವ ಪೇಟೆಗೆ ಹೋಗಿದ್ದಾಗ ಹಾಕಿ, ಎಲ್ಲ ಸರಿಮಾಡಿದೆ. ದೊಡ್ಡ ಉಪಕಾರ ಮಾಡಿದೆನೆಂದು ಬೀಗಿದೆ ಕೂಡ.

ಮರುದಿನ ಮಾವ ಮಡಿಯುಟ್ಟು ಪಂಚಾಂಗ ಹಿಡಿದು ಬಂದರು. ಅಷ್ಟರಲ್ಲಿ ಅತ್ತೆ ಬಟನ್ ಒತ್ತಿದ್ದರು. ದೇವರನಾಮ ಆಗಲೇ ಹಾಡುತ್ತಿತ್ತು.

“ತಾರೀಕು?” ಎಂದರು ಮಾವ.

“ಅದೇ ನೆನಪಿಟ್ಕೊಂಡಿದೆ, ಮಾವ.”

“ಓಹೋ. ಹಾಗಾದ್ರೆ ನಾನು ಹೇಳೋದೇನೂ ಇಲ್ಲ ಅನ್ನು.”

ನಿಂತೇ ಇದ್ದರು. ಆಗ ಹೊಳೆಯಿತು ಈ ಮೂರ್ಖನಿಗೆ. ಅವರ ಗಂಟಲು ಕೆಟ್ಟಿತ್ತು, ಊರಿಗೆ ಮಂತ್ರದ ಸಿ.ಡಿ. ಬಂದಿತ್ತು. ಮೂರು ವರ್ಷದಿಂದ ಯಾರೂ ಅವರನ್ನು ಪೂಜೆಗೆ ಕರೆದಿರಲಿಲ್ಲ. ಅವರಿಂದ ದಿನಾ ಸಂಕಲ್ಪ ಹೇಳಿಸಿಕೊಳ್ಳುತ್ತಿದ್ದುದು ಆ ದರಿದ್ರ ಪೆಟ್ಟಿಗೆಯೊಂದೇ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

“ಮಾವ, ಮಾಲೂರಲ್ಲಿ ನಮ್ಮನೇದೂ ಸಿ.ಡಿ. ತೋರಿಸ್ತಿಲ್ಲ. ನೀವೇ ಬಂದು ನೋಡ್ಬೇಕು,” ಎಂದೆ.

ಮಾವ ಕನ್ನಡಕ ಏರಿಸಿ ಪಂಚಾಂಗದ ಹಾಳೆ ತಿರುವಿದರು. “ಗುರುವಾರ ದಶಮಿ. ಬರ್ತೀನಿ. ಅಲ್ಲಿವರೆಗೂ ನೀನು ಮುಟ್ಟಬೇಡ ಕಣೋ!”

ನಮ್ಮನೆಯ ಡ್ರೈವಿಗೆ ಏನೂ ಆಗಿರಲಿಲ್ಲ. ಬುಧವಾರ ಸಂಜೆ ನಾನೇ ಬಯೋಸಿಗೆ ಹೋಗಿ, ಇದ್ದ ಡ್ರೈವನ್ನು ಇಲ್ಲವೆನ್ನಿಸಿ, ಅವರ ದಾರಿ ಕಾದೆ.