ಭಾವನ ಬಾಯಿಯೂ ಮೊದಲನೇ ರೌಂಡೂ

ನನ್ನ ಭಾವ ಸುಳ್ಳು ಹೇಳುವವರಲ್ಲ. ಅವರು ಹೇಳಿದ್ದು ಸುಳ್ಳಾಗುತ್ತದೆ, ಅಷ್ಟೇ! ಎರಡಕ್ಕೂ ಬಹಳ ವ್ಯತ್ಯಾಸವಿದೆ. ಸುಳ್ಳು ಹೇಳುವವನನ್ನು ನಂಬದೆ ಇದ್ದರೆ ಮುಗಿಯಿತು. ನಮ್ಮ ಭಾವ ಪ್ರಾಮಾಣಿಕವಾಗಿ, ಪೂರ್ತಿ ನಂಬಿಕೆಯಿಂದ, ಎದೆ ತಟ್ಟಿಕೊಂಡು ಒಂದು ಮಾತು ಹೇಳುತ್ತಾರೆ. ಪ್ರಪಂಚ ಕೂಡಲೇ ಅದಕ್ಕೆ ವಿರುದ್ಧವಾಗಿ ನಡೆದುಕೊಳ್ಳುತ್ತದೆ. ಹವಾಮಾನ ಹೇಳುವವರಿಗಾದರೂ ಅಪ್ಪಿತಪ್ಪಿ ಒಮ್ಮೊಮ್ಮೆ ಸರಿಹೋಗುತ್ತದೆ. ಇವರಿಗೆ ಅದೂ ಇಲ್ಲ.

ಮದುವೆಯ ಹೊಸದರಲ್ಲಿ ನಮ್ಮಪ್ಪನಿಗೆ ಹೇಳಿದ್ದರು: "ಎರಡೇ ವರ್ಷ ಮಾವ, ಕೆನಡಾ ನೋಡ್ಕೊಂಡು ವಾಪಸ್ ಬಂದ್ಬಿಡ್ತೀವಿ." ಅಪ್ಪ ಪಾಪ, ಸಾಯುವ ತನಕ ಆ ಎರಡು ವರ್ಷ ಮುಗಿಯುವುದನ್ನೇ ಕಾಯುತ್ತಿದ್ದರು. ನಾನು ಇಲ್ಲಿಗೆ ಬರಲು ಅರ್ಜಿ ಹಾಕಿದಾಗ, "ಈಗೆಲ್ಲ ಬಹಳ ಕಷ್ಟ, ನಿಂಗೆ ಸಿಗಲ್ಲಮ್ಮ" ಎಂದರು. ಅದೇ ತಿಂಗಳು ವೀಸಾ ಬಂತು! ಅವರು ಮೆಡೋವೇಲ್, ನಾನು ಸ್ಟೌಫ್‌ವಿಲ್. ನಡುವೆ ಇಡೀ ಟೊರಾಂಟೊ. ಭಾವನ ಜೊತೆ ಸಂಬಂಧ ಚೆನ್ನಾಗಿರಬೇಕಾದರೆ ಇಷ್ಟು ದೂರ ಇರಲೇಬೇಕು ಎಂದು ಅಕ್ಕನ ಎದುರೇ ಹೇಳುತ್ತಿದ್ದೆ.

ಕಳೆದ ಒಂದು ವರ್ಷದಿಂದ ಆ ಬಾಯಿಗೆ ಬೀಗ ಬಿದ್ದಿದೆ. ನಾಳೆ ಸ್ನೋ ಬೀಳುತ್ತದೆಯೇ ಎಂದು ಕೇಳಿದರೂ "ಗೊತ್ತಿಲ್ಲಮ್ಮ" ಎನ್ನುತ್ತಾರೆ. ಬೀಗ ಬಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡಿದ್ದವಳು ನಾನು. ನನ್ನ ಅಕ್ಕನ ವಿಷಯದಲ್ಲಿ ಆ ಬಾಯಿಂದ ಬಂದ ಮಾತು ನಾನು ಮರೆಯುವಂಥದ್ದಲ್ಲ.

ಇರಲಿ, ಮೊದಲು ಹಾಕಿ ಆಟದ ವಿಷಯ. ನಾವು ಊರಲ್ಲಿ ನೋಡಿದ ಹಾಕಿ ಅಲ್ಲ. ಇದು ಐಸಿನ ಮೇಲೆ, ಕಾಲಿಗೆ ಬ್ಲೇಡು ಕಟ್ಟಿಕೊಂಡು, ಒಂದು ಕರಿ ಬಿಲ್ಲೆಗಾಗಿ ಹಲ್ಲು ಉದುರಿಸಿಕೊಳ್ಳುವ ಆಟ. ಏಪ್ರಿಲಿನಲ್ಲಿ ಪ್ಲೇಆಫ್ ಶುರು. ಹದಿನಾರು ತಂಡ, ಎಂಟು ಜೋಡಿ. ಯಾರು ಮೊದಲು ನಾಲ್ಕು ಮ್ಯಾಚು ಗೆಲ್ಲುತ್ತಾರೋ ಅವರು ಮುಂದಿನ ರೌಂಡಿಗೆ. ಹೀಗೆ ನಾಲ್ಕು ರೌಂಡು ದಾಟಿ ಜೂನ್ ತಿಂಗಳಲ್ಲಿ ನಿಂತವರಿಗೆ ಬೆಳ್ಳಿ ಕಪ್ಪು. ನಮ್ಮ ಟೊರಾಂಟೊ ತಂಡದ ನೀಲಿ ಅಂಗಿಯವರು ಕೊನೆಯ ಸಲ ಕಪ್ಪು ಗೆದ್ದದ್ದು ಭಾವ ಹುಟ್ಟುವ ಮೊದಲು. ಆಮೇಲೆ ಭಾವ ಹುಟ್ಟಿದರು. ಕಾರಣ ಹುಡುಕುವವರು ಬೇರೆಲ್ಲೂ ಹೋಗಬೇಕಾಗಿಲ್ಲ!

ಈ ಊರಿನವರ ಹಣೆಬರಹವೂ ಅಷ್ಟೇ ಅನ್ನಿ. ಏಪ್ರಿಲ್ ಬಂತೆಂದರೆ ಕಾರಿನ ಕಿಟಕಿಗೆ ನೀಲಿ ಬಾವುಟ, ಅಂಗಡಿಯಲ್ಲಿ ನೀಲಿ ಕೇಕು, ರೈಲಿನ ತುಂಬ ನೀಲಿ ಅಂಗಿ. ಮೇ ಕಳೆಯುವಷ್ಟರಲ್ಲಿ ಬಾವುಟಗಳು ಗರಾಜು ಸೇರಿ, ಜನ ಒಬ್ಬರ ಮುಖ ಒಬ್ಬರು ನೋಡದೆ ಕೆಲಸಕ್ಕೆ ಹೋಗುತ್ತಿರುತ್ತಾರೆ. ಮುಂದಿನ ಏಪ್ರಿಲಿಗೆ ಮತ್ತೆ ಅದೇ ಬಾವುಟ. ನಾಚಿಕೆ ಬೇಡವೇ?

ಭಾವ ನಮ್ಮ ತಂಡದ ಭವಿಷ್ಯ ಮಾತ್ರ ಹೇಳಿ ಸುಮ್ಮನಾಗುವವರಲ್ಲ. ಎಂಟು ಜೋಡಿಗೂ ಹೇಳಬೇಕು. ಒಂದು ವರ್ಷ ಎಂಟಕ್ಕೆ ಎಂಟೂ ತಪ್ಪಿದರು. ಕಣ್ಣು ಮುಚ್ಚಿಕೊಂಡು ಬೆರಳಿಟ್ಟರೂ ಮೂರೋ ನಾಲ್ಕೋ ಸರಿಹೋಗಬೇಕಪ್ಪ! ಎಂಟೂ ತಪ್ಪುವುದು ಅಜ್ಞಾನದಿಂದ ಆಗುವ ಕೆಲಸವಲ್ಲ. ಅದಕ್ಕೆ ಪ್ರತಿಭೆ ಬೇಕು. ಗೋಲು ಕಾಯುವವನ ಜನ್ಮನಕ್ಷತ್ರ, ಅಂಗಿಯ ನಂಬರು, ಮ್ಯಾಚಿನ ವಾರ, ತಿಥಿ ಎಲ್ಲ ಹಾಕಿ ಲೆಕ್ಕ ಮಾಡುತ್ತಿದ್ದರು. ಮೇ ತಿಂಗಳ ಭಾನುವಾರದ ಮ್ಯಾಚೆಂದರೆ ಅವರಿಗೆ ಭಯ. ಇಲ್ಲಿ ಸೂರ್ಯ ಮುಳುಗುವುದು ಎಂಟೂವರೆಗೆ. ಹಗಲು ಉದ್ದವಾದ ಹಾಗೆ ರಾಹುಕಾಲವೂ ಜಾರಿಕೊಂಡು ಸರಿಯಾಗಿ ಮ್ಯಾಚಿನ ಹೊತ್ತಿಗೆ ಬಂದು ಕೂರುತ್ತದೆ.

"ಅಲ್ಲ ರೀ, ರಾಹುಕಾಲ ಆ ಟೀಮಿಗೂ ಅದೇ ತಾನೇ?" ಎಂದು ಅಕ್ಕ ಒಮ್ಮೆ ಕೇಳಿದಳು.

"ಅವರು ಅದನ್ನೆಲ್ಲ ನಂಬಲ್ಲ ಕಣೇ. ಅವರಿಗೆ ತಗಲಲ್ಲ."

"ನಮ್ಮ ಟೀಮಿನೋರು ನಂಬ್ತಾರಾ?"

ಭಾವ, "ಅವರ ಪರವಾಗಿ ನಾನು ನಂಬ್ತೀನಲ್ಲ" ಎಂದರು. ಆ ಭಾನುವಾರ ನಮ್ಮವರು ಗೆದ್ದರು. ಮಂಗಳವಾರ, ಶುಭ ಘಳಿಗೆಯಲ್ಲಿ, ಸೋತು ಮನೆಗೆ ಹೋದರು.

ಅವರ ಆಫೀಸಿನಲ್ಲಿ ಒಬ್ಬ ಪಂಜಾಬಿ ಮಹಾಶಯ, ಮಾಂಟ್ರಿಯಲ್ ತಂಡದ ಭಕ್ತ. ಆ ಊರಿಗೂ ನಮ್ಮೂರಿಗೂ ಜೋಡಿ ಬಿದ್ದ ವರ್ಷ ಆತ ಮನೆಗೇ ಫೋನ್ ಮಾಡಿದ. "ಭಾಯ್‌ಸಾಬ್, ಟೊರಾಂಟೊ ಜೀತೇಗಾ, ಬಸ್ ಇತ್ನಾ ಬೋಲ್ ದೋ." ಟೊರಾಂಟೊ ಗೆಲ್ಲುತ್ತದೆ ಎಂದರೆ ಸಾಕಂತೆ. ಭಾವನಿಗೆ ಹಿಗ್ಗೋ ಹಿಗ್ಗು! ತಮ್ಮ ಅಭಿಪ್ರಾಯಕ್ಕೆ ಇಷ್ಟು ಬೆಲೆ ಎಂದು ಉಬ್ಬಿ, "ಆರೇ ಮ್ಯಾಚಲ್ಲಿ ಮುಗಿಸ್ತಾರೆ" ಎಂದು ಸೇರಿಸಿಯೂ ಕೊಟ್ಟರು. ಮಾಂಟ್ರಿಯಲ್ ಗೆದ್ದು ಸರಣಿ ಮುಗಿದ ಮರುದಿನ ಬಾಗಿಲಲ್ಲಿ ದೊಡ್ಡ ಡಬ್ಬಿ ಲಾಡು. ಕಾರಣ ತಿಳಿದ ಮೇಲೆ ಭಾವ ಮುಟ್ಟಲಿಲ್ಲ. ಅಕ್ಕ ದೇವರ ಮುಂದಿಟ್ಟು ಅಕ್ಕಪಕ್ಕದವರಿಗೆಲ್ಲ ಹಂಚಿದಳು.

ಇದಾದ ಮೇಲೆ ಭಾವನ ಕನ್ನಡದ ಗೆಳೆಯರಿಗೆ ಜ್ಞಾನೋದಯವಾಯಿತು. ಬೇಸ್‌ಮೆಂಟಿನಲ್ಲಿ ಮ್ಯಾಚು ನೋಡಲು ಸೇರಿದ್ದ ಒಂದು ಸಂಜೆ ಎಲ್ಲರೂ ಅವರನ್ನು ಹಿಡಿದುಕೊಂಡರು. "ಸಾರ್, ಇವತ್ತೊಂದಿನ ನಮ್ಮೋರು ಸೋಲ್ತಾರೆ ಅಂದ್ಬಿಡಿ. ಊರಿಗೇ ಉಪಕಾರ ಆಗತ್ತೆ." ಭಾವ ಒಪ್ಪಲಿಲ್ಲ. ಗೋಗರೆದರು, ಬೈದರು, ಆಣೆ ಹಾಕಿದರು. ಕೊನೆಗೆ ಭಾವ ಕಣ್ಣಲ್ಲಿ ನೀರು ತುಂಬಿಕೊಂಡು, "ಸರಿ. ಸೋಲ್ತಾರೆ" ಎಂದರು. ಅದೇ ಹೊತ್ತಿಗೆ ಅಕ್ಕ ಮೇಲೆ ದೀಪ ಹಚ್ಚಿ, ಚುರುಮುರಿ ಪಾತ್ರೆ ಹಿಡಿದು ಮೆಟ್ಟಿಲಿಳಿದು ಬರಬೇಕೇ?

"ರೀ! ಮುಸ್ಸಂಜೆ ಹೊತ್ತಲ್ಲಿ ಏನ್ರೀ ಅದು ಅಪಶಕುನದ ಮಾತು? ಬಿಡ್ತು ಅನ್ನಿ!"

"ಬಿಡ್ತು" ಎಂದುಬಿಟ್ಟರು ಭಾವ. ಹೆಂಡತಿ ಹೇಳಿದರೆ ಆ ಒಂದು ಮಾತನ್ನು ಅವರು ಯೋಚಿಸದೆಯೇ ಅನ್ನುತ್ತಿದ್ದರು.

ಮುಸ್ಸಂಜೆಯಲ್ಲಿ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ನಾವು ಅಂದದ್ದಕ್ಕೆಲ್ಲ "ಅಸ್ತು" ಎನ್ನುತ್ತಾರೆ, ಕೆಟ್ಟದ್ದು ಬಾಯಿಗೆ ಬಂದರೆ ಕೂಡಲೇ "ಬಿಡ್ತು" ಎಂದು ಹಿಂದಕ್ಕೆ ತೆಗೆದುಕೊಳ್ಳಬೇಕು. ಇದು ನಮ್ಮಮ್ಮ ಕಲಿಸಿದ್ದು. ಆ ದೇವತೆಗಳಿಗೆ ಕೆನಡಾ ವೀಸಾ ಸಿಕ್ಕಿತ್ತೋ ಇಲ್ಲವೋ, ಅಕ್ಕನಂತೂ ನಿಯಮ ಸಡಿಲಿಸಲಿಲ್ಲ. ನಮ್ಮವರು ಓವರ್‌ಟೈಮಿನಲ್ಲಿ ಸೋತರು. ಇಡೀ ಟೊರಾಂಟೊ ಕೋಚನ್ನು ಬೈಯುತ್ತಿದ್ದರೆ, ಮೆಡೋವೇಲಿನ ಕನ್ನಡಿಗರು ಮಾತ್ರ ನನ್ನ ಅಕ್ಕನನ್ನು ಬೈದರು.

ಇಷ್ಟು ಹೊತ್ತು ನಕ್ಕಿದ್ದೀರಿ. ನಾನೂ ನಕ್ಕವಳೇ. ಆದರೆ ಈ ಮನುಷ್ಯನ ಜೊತೆ ಬಾಳ್ವೆ ಮಾಡಿದವಳು ಅವಳು. ಅವಳ ಹುಟ್ಟುಹಬ್ಬ ಬರುವುದು ಏಪ್ರಿಲ್ ಕೊನೆಯಲ್ಲಿ. ಒಂದು ವರ್ಷವಾದರೂ ಅವಳನ್ನು ಹೊರಗೆ ಕರೆದುಕೊಂಡು ಹೋಗಿ ಒಂದು ತುತ್ತು ಊಟ ಹಾಕಿಸಲಿಲ್ಲ ಪುಣ್ಯಾತ್ಮ. "ಮ್ಯಾಚಿದೆ ಕಣೇ, ಮುಂದಿನ ವಾರ ಹೋಗೋಣ." ಅದೂ ಒಂದು ಭವಿಷ್ಯವೇ ಅಲ್ಲವೇ?

ಅಕ್ಕನಿಗೆ ಹೊಟ್ಟೆನೋವು ಶುರುವಾದಾಗ ಭಾವ, "ಗ್ಯಾಸು ಅಷ್ಟೇ, ಒಂದು ವಾರದಲ್ಲಿ ಸರಿಹೋಗತ್ತೆ" ಎಂದರು. ಅದು ಕ್ಯಾನ್ಸರ್. "ಆಪರೇಷನ್ ಆದ್ಮೇಲೆ ಏನೂ ಉಳಿಯಲ್ಲ" ಎಂದರು. ಉಳಿದಿತ್ತು. "ಕೀಮೋ ಇದೇ ಕೊನೇದು" ಎಂದರು. ಅಲ್ಲ. ಆ ಬಾಯಿಗೆ ಹೊಲಿಗೆ ಹಾಕಬೇಕು ಎಂದು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಎಷ್ಟು ಸಲ ಅಂದುಕೊಂಡೆನೋ. ಕೊನೆಗೆ ಡಾಕ್ಟರು ಚಿಕಿತ್ಸೆ ಸಾಕು, ಮನೆಯಲ್ಲಿ ನೆಮ್ಮದಿಯಾಗಿ ಇರಲಿ ಎಂದರು. ಹಾಲಿನಲ್ಲೇ ಮಂಚ ಹಾಕಿದೆವು. ಇನ್ನು ಕೆಲವೇ ವಾರ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು.

ಪ್ಲೇಆಫ್ ಶುರುವಾಗುವ ದಿನ ಗೆಳೆಯರು ಅವಳನ್ನು ನೋಡಲು ಬಂದರು. ಮಾತು ಹುಟ್ಟದೆ ಒಬ್ಬರು, "ಸಾರ್, ಈ ವರ್ಷದ ಪ್ರಿಡಿಕ್ಷನ್ ಏನು?" ಎಂದರು. ಭಾವ ಟಿವಿ ಕಡೆ ನೋಡಲಿಲ್ಲ. ಅಕ್ಕನನ್ನೇ ನೋಡುತ್ತ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಇವಳು ಮೊದಲನೇ ರೌಂಡು ದಾಟಲ್ಲ."

"ಅಪ್ಪಾ! ವಾಟ್ ಈಸ್ ರಾಂಗ್ ವಿತ್ ಯೂ?" ಎಂದು ಅಕ್ಕನ ಮಗಳು ಕಿರುಚಿದಳು. ನಾನು ಎದ್ದು ನಿಂತೆ.

"ಭಾವ, ದೀಪ ಹಚ್ಚಿದೆ ಮನೇಲಿ. ಬಿಡ್ತು ಅನ್ನಿ."

"ಅನ್ನಲ್ಲ."

"ಅನ್ನಿ ಅಂತಿದ್ದೀನಿ!"

"ಅನ್ನಲ್ಲಮ್ಮ."

ಅಷ್ಟರಲ್ಲಿ ಮಂಚದಿಂದ ಸದ್ದು ಬಂತು. ಅಕ್ಕ ನಗುತ್ತಿದ್ದಳು! ನಕ್ಕೂ ನಕ್ಕೂ ಕೆಮ್ಮು ಬಂತು. ಎಲ್ಲರೂ ಹೋದ ಮೇಲೆ ನನ್ನನ್ನು ಹತ್ತಿರ ಕರೆದು, "ಪೆದ್ದಿ, ಅವರ ಬಾಯಿಂದ ಬಂದಿದ್ದು ಯಾವತ್ತಾದ್ರೂ ನಿಜ ಆಗಿದ್ಯೇನೇ? ನನ್ನನ್ನ ಉಳಿಸ್ಕೊಳ್ಳೋಕೆ ನೋಡ್ತಿದ್ದಾರೆ ಕಣೇ" ಎಂದಳು.

ಇದಕ್ಕೆ ನಾನು ಕರಗಬೇಕಿತ್ತೇ? ಕರಗಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವವರು, ಬೆನ್ನು ಒರೆಸುವವರು. ಮಂತ್ರ ಹಾಕುವವರಲ್ಲ. ಆದರೂ ಅಕ್ಕ ಮೊದಲನೇ ರೌಂಡು ದಾಟಿದಳು. ನಮ್ಮ ನೀಲಿ ಅಂಗಿಯವರು ಎಂದಿನಂತೆ ಸೋತರು. ಆ ವರ್ಷ ಭಾವನಿಗೆ ಅದು ಗೊತ್ತೇ ಆಗಲಿಲ್ಲ. "ಎರಡನೇ ರೌಂಡು ದಾಟಲ್ಲ" ಎಂದರು. ದಾಟಿದಳು. "ಮೂರನೇದಂತೂ ಸಾಧ್ಯವೇ ಇಲ್ಲ." ಅದನ್ನೂ ದಾಟಿದಳು! ಮನೆಗೆ ಬರುವ ನರ್ಸಿಗೇ ಆಶ್ಚರ್ಯ. ಆದರೆ ದಾಟಿದ್ದು ಎಂಥ ದಾಟುವುದು? ಹಾಸಿಗೆಯಲ್ಲಿ ಒಂದು ಹಿಡಿ ಮೂಳೆ. ಮಗ್ಗುಲು ತಿರುಗಿಸಿದರೆ ಅಯ್ಯೋ ಎನ್ನುತ್ತಿದ್ದಳು. ಔಷಧಿಯೂ ನೋವನ್ನು ಹಿಡಿದು ನಿಲ್ಲಿಸುತ್ತಿರಲಿಲ್ಲ.

ಫೈನಲ್ ಶುರುವಾಗುವ ದಿನ ನಾನು ಗಂಜಿ ಹಿಡಿದು ಹಾಲಿಗೆ ಬರುತ್ತಿದ್ದೆ. ಭಾವ ಮಂಚದ ಪಕ್ಕ ಕೂತು, "ನೀನು ಹುಷಾರಾಗ್ತೀಯ ಕಣೇ. ಎದ್ದು ಓಡಾಡ್ತೀಯ" ಎನ್ನುತ್ತಿದ್ದರು. ಅಕ್ಕ ಇಲ್ಲ ಎನ್ನುವಂತೆ ಮೆಲ್ಲಗೆ ತಲೆ ಅಲ್ಲಾಡಿಸಿದಳು. ಸಾಯುವವಳಿಗೂ ಗೊತ್ತಿರುವ ಸತ್ಯವನ್ನು ಮುಚ್ಚಿ, ಇಷ್ಟು ದಿನ ಕೆಟ್ಟದ್ದಾಡಿ, ಈಗ ಬಾಯಿಮಾತಿನ ಸಮಾಧಾನ ಬೇರೆ! ಗಂಜಿ ಅಲ್ಲೇ ಇಟ್ಟು ಅಡುಗೆಮನೆಗೆ ಹೋದೆ. ಆ ಕಪ್ಪು ಯಾರಿಗೋ ಹೋಗುವ ಮೊದಲೇ ಅಕ್ಕ ಹೋದಳು. ಅವರ ಕೊನೆಯ ಭವಿಷ್ಯವೂ ಸುಳ್ಳಾಯಿತು ಎಂದು ನಾನು ಹಲ್ಲು ಕಚ್ಚಿಕೊಂಡೆ. ಕಾರ್ಯಗಳೆಲ್ಲ ಮುಗಿದ ಮೇಲೆ ಮೆಡೋವೇಲಿನ ಕಡೆ ತಲೆ ಹಾಕಲಿಲ್ಲ. ಫೋನಿನಲ್ಲಿ ಎರಡು ಮಾತು, ಅಷ್ಟೇ.

ಈ ಏಪ್ರಿಲಿನಲ್ಲಿ ಅಕ್ಕನ ಮಗಳು ಫೋನ್ ಮಾಡಿದಳು. "ಚಿಕ್ಕಮ್ಮ, ಅಪ್ಪ ಈಸ್ ನಾಟ್ ಈವನ್ ವಾಚಿಂಗ್. ಕುಡ್ ಯೂ ಕಮ್, ಪ್ಲೀಸ್?" ಹೋದೆ. ಮಧ್ಯಾಹ್ನ. ಭಾವ ಹಾಲಿನಲ್ಲಿ, ಮಂಚವಿದ್ದ ಜಾಗಕ್ಕೆ ಮುಖ ಮಾಡಿ ಕೂತಿದ್ದರು. ಮುಖದ ತುಂಬ ಬಿಳಿ ಗಡ್ಡ.

"ಏನು ಭಾವ, ಈ ಸಲ ಭವಿಷ್ಯ ಇಲ್ವಾ? ನೀವು ಬಾಯಿ ಬಿಟ್ರೂ ಸೋಲ್ತಾರೆ, ಬಿಡದಿದ್ರೂ ಸೋಲ್ತಾರೆ."

"ಬೇಡಮ್ಮ. ಆ ಬಾಯಿ ಇನ್ನು ಬೇಡ."

ನನ್ನ ಒಳಗೆ ವರ್ಷದಿಂದ ಕುದಿಯುತ್ತಿದ್ದದ್ದು ಉಕ್ಕಿಬಿಟ್ಟಿತು. "ಈಗ ಬೇಡ! ಅವತ್ತು ಅವಳ ಮುಂದೆ ಕೂತ್ಕೊಂಡು ಹುಷಾರಾಗ್ತೀಯ ಅಂತ ಸುಳ್ಳು ಸಮಾಧಾನ ಹೇಳೋಕೆ ಬಾಯಿ ಬಂತಲ್ಲ?"

ಭಾವ ನನ್ನ ಕಡೆ ತಿರುಗಿದರು.

"ಸಮಾಧಾನ ಅಲ್ಲಮ್ಮ ಅದು. ಅವಳೇ ಕೇಳಿದ್ಲು. 'ಮೂರು ರೌಂಡು ಉಳಿಸ್ಕೊಂಡ್ರಲ್ಲ ರೀ, ಸಾಕು. ತುಂಬಾ ನೋಯ್ತಿದೆ. ನಾನು ಹುಷಾರಾಗ್ತೀನಿ ಅಂದು ನನ್ನನ್ನ ಬಿಟ್ಕೊಟ್ಬಿಡಿ' ಅಂದ್ಲು. ಆಗಲ್ಲ ಅಂದೆ. ದಮ್ಮಯ್ಯ ಅಂದ್ಲು. ನಿಮ್ಮಕ್ಕ ನನ್ನ ಹತ್ರ ಯಾವತ್ತೂ ಹಾಗೆ ಬೇಡಿರ್ಲಿಲ್ಲಮ್ಮ. ಅಂದ್ಬಿಟ್ಟೆ."

ಅವರೇ ಮುಂದುವರಿಸಿದರು.

"ಅಂದ ತಕ್ಷಣ ಭಯ ಆಯ್ತು. ಬಿಡ್ತು ಅಂದ್ಬಿಡೋಣ ಅಂತ ಬಾಯಿವರೆಗೂ ಬಂತು. ಅವಳಿಗೆ ಗೊತ್ತಾಗ್ಹೋಯ್ತು. ಬೇಡ ಅಂತ ತಲೆ ಅಲ್ಲಾಡಿಸಿದ್ಲು."

ಆ ಮನುಷ್ಯನ ಮೇಲೆ ನನಗೆ ಎಂದೂ ಬಾರದಿದ್ದ ಪ್ರೀತಿ ಬಂತು. ಪಕ್ಕದಲ್ಲಿ ಕೂತು ಜೋರಾಗಿ ಅತ್ತೆ, ಅವರೂ ಅತ್ತರು. ಆಮೇಲೆ, "ಊಟ ಆಯ್ತಾ ಭಾವ?" ಎಂದು ಕೇಳಿದೆ. "ಇಲ್ಲಮ್ಮ" ಎಂದರು. ಎದ್ದು ಹೋಗಿ ಇಬ್ಬರಿಗೂ ಅನ್ನಕ್ಕಿಟ್ಟೆ.