ಗಾಜಿನ ಗೋಲಿ ಮತ್ತು ತುಳಸಿ ಕಷಾಯ

ಬೆಳಕನ್ನು ಹಿಡಿದು ಗೋಲಿಯೊಳಗೆ ಕೂಡಿಹಾಕುವುದು ನನ್ನಂಥ ಫಿಸಿಕ್ಸ್ ಮೇಷ್ಟ್ರಿಗೆ ಎಡಗೈ ಕೆಲಸ ಎಂದು ನಂಬಿದ್ದೆ. ನಂಬಿ ಸುಮ್ಮನಿರಲಿಲ್ಲ. ಶಿಕಾರಿಪುರದ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಸಾರಿಯೂ ಬಿಟ್ಟೆ!

ಕಾರಣ ನನ್ನ ಹೆಂಡತಿ ಸುಮಾ. ಅದೇ ಕಾಲೇಜಿನ ಕೆಮಿಸ್ಟ್ರಿ ಮೇಡಂ. ತುಳಸಿ ರಸ ಬಳಸಿ ಬೆಳ್ಳಿಯ ನ್ಯಾನೋ ಕಣ ತಯಾರಿಸಿದ್ದಳು. ಲ್ಯಾಬಿನ ಮೈಕ್ರೋಸ್ಕೋಪಿಗೂ ಕಾಣದಷ್ಟು ಸಣ್ಣವು. ಕಾಣುವುದು ಬರೀ ಕಂದು ನೀರು. ಸೊರಬದ ವಿಜ್ಞಾನ ಪ್ರದರ್ಶನಕ್ಕೆ ಹೆಸರು ಕೊಡಲು ಹೋದಾಗ ಅಲ್ಲಿನ ಕಾಲೇಜಿನ ಪ್ರಿನ್ಸಿಪಾಲರು, "ಇದು ಕಷಾಯ ಅಲ್ಲ ಅನ್ನೋದಕ್ಕೆ ಏನ್ ಸಾಕ್ಷಿ ಮೇಡಂ?" ಎಂದು ಎಲ್ಲರೆದುರು ನಕ್ಕಿದ್ದರು. ಅವತ್ತು ಅವಳು ಊಟ ಮಾಡಲಿಲ್ಲ. ನನಗೆ ಕೆಟ್ಟ ಸಿಟ್ಟು ಬಂತು.

"ಸಾಕ್ಷಿ ನಾನು ಕೊಡ್ತೀನಿ!" ಎಂದು ಘೋಷಿಸಿದೆ.

ಕೂದಲಿನಂಥ ಗಾಜಿನ ಎಳೆಯ ತುದಿ ಕರಗಿಸಿದರೆ ಸಣ್ಣ ಗೋಲಿಯಾಗುತ್ತದೆ. ಅದರೊಳಗೆ ಲೇಸರ್ ಬೆಳಕು ಗೋಡೆ ಹಿಡಿದು ಸುತ್ತುತ್ತಲೇ ಇರುತ್ತದೆ. ಆಗ ಕಂಪ್ಯೂಟರ್ ಪರದೆಯಲ್ಲಿ ಬೆಳಕಿನ ಅಳತೆ ತೋರಿಸುವ ಗೆರೆ ಒಂದು ಕಡೆ ತಗ್ಗಿ ಗುಂಡಿ ಬೀಳುತ್ತದೆ. ಗೋಲಿಯ ಮೇಲೆ ಒಂದು ಕಣ ಕೂತರೂ ಸಾಕು, ಗುಂಡಿ ಅಲುಗಾಡಿ ತಾನೇ ಚಾಡಿ ಹೇಳುತ್ತದೆ.

ಲೇಸರ್ ಅನ್ನು ವಿಶ್ವವಿದ್ಯಾಲಯದ ಗೆಳೆಯನ ಕೈಕಾಲು ಹಿಡಿದು ತಂದೆ. ಗೋಲಿ ಮಾಡಿಕೊಟ್ಟವನು ಗಾಜಿನೆಳೆಯ ಇಂಟರ್ನೆಟ್ ಕೇಬಲ್ ಜೋಡಿಸುವ ರಫೀಕ್.

"ಸರ್, ತುದಿ ಹಿಂಗ ಉಂಡಿ ಆದ್ರ ನಾವು ಬಿಸಾಕ್ತೀವ್ರೀ!" ಎಂದ.

"ಅದೇ ಬೇಕು, ಕೊಡಪ್ಪ!" ಎಂದೆ, ಗಾಂಭೀರ್ಯ ಬಿಡದೆ.

ಸೊರಬದಲ್ಲಿ ಸಭಾಂಗಣ ತುಂಬಿತ್ತು. ಪ್ರಿನ್ಸಿಪಾಲರು ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಸುಮಾ ಬಾಟಲಿಯಿಂದ ಗೋಲಿಯತ್ತ ಪುಸ್ ಎಂದು ಸ್ಪ್ರೇ ಮಾಡಿದಳು. ಪರದೆಯ ಗುಂಡಿ ಸರ್ರನೆ ಜರುಗಿತು!

"ನೋಡಿ! ಬೆಳ್ಳಿಯ ಕಣ!" ಎಂದು ಕೂಗಿದೆ. ಚಪ್ಪಾಳೆ!

ಸುಮಾ ನನ್ನ ಕಿವಿಯಲ್ಲಿ, "ರೀ, ಇದಿನ್ನೂ ಬರೀ ನೀರು" ಎಂದಳು.

ಗೋಲಿಯ ಹತ್ತಿರ ಬಾಗಿ ನೋಡಿದೆ. ಗುಂಡಿ ಮತ್ತೆ ಜರುಗಿತು. ಹಿಂದೆ ಸರಿದೆ. ಗುಂಡಿಯೂ ವಾಪಸ್ಸು ಬಂತು! ನನ್ನ ಉಸಿರಿನ ಬಿಸಿಯನ್ನೇ ಯಂತ್ರ ಬೆಳ್ಳಿ ಎನ್ನುತ್ತಿತ್ತು.

"ಮೇಷ್ಟ್ರ ಮೂಗಲ್ಲೂ ಬೆಳ್ಳಿ ಇದೆ ಮಾರಾಯ್ರೆ!" ಎಂದು ಪ್ರಿನ್ಸಿಪಾಲರು ಗಹಗಹಿಸಿದರು.

ಸುಮಾ ಮೈಕ್ ಕಿತ್ತುಕೊಂಡಳು. "ಜರುಗೋದು ಬಿಸಿ-ತಂಪಿಗೆ. ಕಣ ಕೂತರೆ ಗುಂಡಿ ಸೀಳಿ ಎರಡಾಗುತ್ತೆ. ಎಷ್ಟು ಸೀಳಿತು ಅನ್ನೋದರಿಂದಲೇ ಕಣದ ಗಾತ್ರ ಲೆಕ್ಕ ಹಾಕಬಹುದು. ರೀ, ನೀವು ದೂರ ನಿಂತ್ಕೊಳ್ಳಿ!"

ನಿಂತೆ. ಅವಳು ಕಂದು ನೀರಿನ ಬಾಟಲಿ ಎತ್ತಿ ಪುಸ್ ಎನ್ನಿಸಿದಳು. ಸಭೆ ಉಸಿರು ಬಿಗಿಹಿಡಿಯಿತು. ಗುಂಡಿ ನಡುಗಿತು, ಸೀಳಿತು, ಎರಡಾಯಿತು!

ಅಬ್ಬಾ ಆ ಚಪ್ಪಾಳೆ! ಪ್ರಿನ್ಸಿಪಾಲರು ಎದ್ದು ಬಂದು, "ಕಷಾಯ ಅಂದಿದ್ದು ತಪ್ಪಾಯ್ತು ಮೇಡಂ" ಎಂದು ಕೈಮುಗಿದರು. ಬಹುಮಾನ ನಮ್ಮದೇ! ಸುಮಾಳ ಮುಖ ನೋಡಿ ನನ್ನ ಕಣ್ಣು ಒದ್ದೆಯಾಯಿತು.

ಅಷ್ಟಕ್ಕೇ ಮನೆಗೆ ಬರಬಹುದಿತ್ತು. ಯಾರೋ, "ಗೋಲಿ ತೋರ್ಸಿ ಸರ್" ಎಂದರು. ಎತ್ತಿ ಹಿಡಿದೆ. ಚಾಕ್‌ಪೀಸಿನ ಪುಡಿ ಊದುವ ಅಭ್ಯಾಸಬಲದಿಂದ ಉಫ್ ಎಂದೆ. ಎಳೆ ಮೂಗಿಗೆ ತಾಗಿ ಗೋಲಿಯ ಕತ್ತು ಮುರಿಯಿತು. ಇಡೀ ಸಭೆ ಮೊಣಕಾಲೂರಿ ಹುಡುಕಿತು. ಪ್ರಿನ್ಸಿಪಾಲರೂ!

ಮರುದಿನ ಅವರ ಫೋನು: "ಸಿಕ್ತು ಸರ್! ಟೀ ಕೊಟ್ಟ ಜಾಗದಲ್ಲಿ ಬಿದ್ದಿತ್ತು. ಬಸ್ಸಲ್ಲಿ ಕಳಿಸ್ತೀನಿ." ಬಂತು. ಹತ್ತಿಯಲ್ಲಿ ಸುತ್ತಿದ್ದ ಹೊಳೆಯುವ ಹರಳು. ಲೆನ್ಸ್ ಹಿಡಿದು ಪರೀಕ್ಷಿಸಿ, "ಇದೇ, ಅನುಮಾನವೇ ಇಲ್ಲ!" ಎಂದು ಸುಮಾಗೆ ಸಾರಿದೆ. ಧೂಳು ಹೋಗಲೆಂದು ಲೋಟದ ನೀರಿಗೆ ಹಾಕಿದೆ.

ಕರಗಿತು.

ಸುಮಾ ಬೆರಳದ್ದಿ ನಾಲಿಗೆಗೆ ಹಚ್ಚಿ ನೋಡಿದಳು. "ಸಕ್ಕರೆ ರೀ. ಇನ್ನು ಈ ನೀರೊಳಗಿರೋ ಸಕ್ಕರೆ ಕಣ ಪತ್ತೆಹಚ್ಚಿ ನೋಡೋಣ!"