ಇನ್ನೂ ಯೋಚಿಸುತ್ತಿರುವ ಮತದಾರ

ಆ ವರ್ಷ ಅಮೆರಿಕದ ಅಯೋವಾ ರಾಜ್ಯದಲ್ಲಿ ನನ್ನಷ್ಟು ಬೆಲೆಬಾಳುವ ಮನುಷ್ಯ ಇನ್ನೊಬ್ಬನಿರಲಿಲ್ಲ! ಅಧ್ಯಕ್ಷ ಪದವಿಗೆ ಪಕ್ಷದಿಂದ ಯಾರು ನಿಲ್ಲಬೇಕೆಂದು ದೇಶದಲ್ಲೇ ಮೊದಲು ಹೇಳುವವರು ನಾವು. ನಮ್ಮೂರಲ್ಲಿ ಕೊನೆ ಗಳಿಗೆಯವರೆಗೂ ಯಾರಿಗೂ ಮಾತು ಕೊಡುವುದಿಲ್ಲವೆಂದು ಶಪಥ ಮಾಡಿದ ವೀರ ನಾನು.

ನಿಜ ಹೇಳಿಬಿಡುತ್ತೇನೆ. ಅಕ್ಟೋಬರಿನಲ್ಲೇ ನನ್ನ ತೀರ್ಮಾನ ಆಗಿತ್ತು. ಆದರೆ ಎರಡು ವರ್ಷದ ಹಿಂದೆ ಹೆಂಡತಿ ಮಾರ್ಲಿಸ್ ತೀರಿಕೊಂಡ ಮೇಲೆ ನಮ್ಮ ಬಾಗಿಲು ತಟ್ಟುತ್ತಿದ್ದವರೆಂದರೆ ಮೂರು ಅಭ್ಯರ್ಥಿಗಳ ಪ್ರಚಾರದವರು ಮಾತ್ರ. "ಇನ್ನೂ ಯೋಚಿಸ್ತಿದ್ದೀನಿ" ಅಂದರೆ ಮತ್ತೆ ಬರುತ್ತಿದ್ದರು. ಮಂಗಳವಾರ ಮಾತ್ರ ಅವರಲ್ಲೊಬ್ಬರಾದ ನಿವೃತ್ತ ಟೀಚರ್ ಲೋರ್ನಾ ಅವರದು. ಅವರಿಗೆಂದೇ ನನ್ನ ಕೈಯಾರೆ ಸೇಬಿನ ಹೂರಣ ತುಂಬಿದ ಪೈ ಮಾಡಿಡುತ್ತಿದ್ದೆ.

"ಆರೋಗ್ಯ ವಿಮೆ ವಿಷಯ ಹೋದ ವಾರಾನೇ ಹೇಳಿದ್ನಲ್ಲ, ವರ್ಲಿನ್?"

"ಇನ್ನೊಂದ್ಸಲ ಹೇಳಿ ಮೇಡಂ. ಪೈ ಇನ್ನೂ ಇದೆ."

ಆಯ್ಕೆಯ ಸಂಜೆ ಬಂದೇ ಬಂತು. ನಮ್ಮಲ್ಲಿ ಚೀಟಿ ಹಾಕುವುದಿಲ್ಲ. ಶಾಲೆಯ ಆಟದ ಹಾಲ್‌ನಲ್ಲಿ ನಮ್ಮ ಅಭ್ಯರ್ಥಿಯ ಮೂಲೆಗೆ ಹೋಗಿ ಎಲ್ಲರೆದುರು ನಿಲ್ಲಬೇಕು. ಮೂರು ಮೂಲೆಗಳಿಂದಲೂ ನನ್ನ ಅತಿಥಿಗಳು ಕೈಬೀಸಿ ಕರೆದರು. ಒಂದು ಕಡೆ ನಿಂತರೆ ಮಿಕ್ಕವರು ಇನ್ನೆಂದೂ ನಮ್ಮನೆಗೆ ಬರುವುದಿಲ್ಲ ಅನ್ನಿಸಿತು. ಯಾರ ಕಡೆಗೂ ಸೇರದವರಿಗೆಂದು ನಾಲ್ಕನೆಯ ಮೂಲೆಯೊಂದಿತ್ತು. ಅಲ್ಲಿಗೆ ಹೋಗಿ ನಿಂತೆ.

ತಲೆ ಎಣಿಸುವವನು ಬಂದು "ಒಂದು" ಅಂದ. ಆಚೀಚೆ ನೋಡಿದ. "ಒಬ್ಬರ ಗುಂಪು ನಡೆಯಲ್ಲ ಸಾರ್. ಬೇರೆ ಕಡೆ ಹೋಗಿ."

ಅದು ನನಗೆ ಎರಡು ವರ್ಷದಿಂದ ಗೊತ್ತಿರುವ ವಿಷಯ.

ಮೂರೂ ಕಡೆಯವರು ಓಡಿಬಂದು ನನ್ನನ್ನು ಮುತ್ತಿಕೊಂಡರು. ಹೆಗಲ ಮೇಲೆ ಕೈ, ಕೈಯಲ್ಲಿ ಬಿಸ್ಕತ್ತು. ಹತ್ತು ನಿಮಿಷ ನಾನೇ ಮಹಾರಾಜ! ಕೊನೆಗೆ ಲೋರ್ನಾ ಅವರ ಮೂಲೆಗೆ ನಡೆದೆ. ಚಪ್ಪಾಳೆ ಬಿತ್ತು. ಎಲ್ಲರೂ ಕೋಟು ಹಾಕಿಕೊಂಡು ಮನೆಗೆ ಹೋದರು.

ಆಮೇಲೆ ಫೋನೂ ಇಲ್ಲ, ಬಾಗಿಲ ಸದ್ದೂ ಇಲ್ಲ. ಮಂಗಳವಾರ ಪೈ ಮೇಜಿನ ಮೇಲೆ ತಣ್ಣಗಾಯಿತು. ನಾಚಿಕೆ ಬಿಟ್ಟು ನಾನೇ ಲೋರ್ನಾಗೆ ಫೋನ್ ಮಾಡಿದೆ.

"ಯಾಕೋ ಮತ್ತೆ ಅನುಮಾನ ಬರ್ತಿದೆ ಮೇಡಂ. ಒಂದ್ಸಲ ಬಂದು ಬಿಡಿಸಿ ಹೇಳ್ತೀರಾ?"

"ಎಣಿಕೆ ಮುಗೀತಲ್ಲ ಮಾರಾಯ್ರೇ! ನನ್ನ ಪಟ್ಟೀಲಿ ನಿಮ್ಮ ಹೆಸರಿನ ಮುಂದೆ ಅಕ್ಟೋಬರಲ್ಲೇ ಬರ್ಕೊಂಡಿದ್ದೆ. 'ಓಟು ನಮ್ದೇ. ಮಾತಾಡೋಕೆ ಜನ ಬೇಕು.'"

ಮೂರು ತಿಂಗಳ ನನ್ನ ರಾಜತಂತ್ರವೆಲ್ಲ ಒಂದೇ ಸಾಲಿನಲ್ಲಿ ಮುಗಿದಿತ್ತು.

"ಇದೀರಾ? ನಾಳೆ ಬರ್ತೀನಿ, ಕಾಫಿ ಇಡಿ," ಅಂದರು ಲೋರ್ನಾ. "ಪೈ ಮಾತ್ರ ನಾನೇ ತರ್ತೀನಿ. ನಿಮ್ಮದನ್ನ ಇಷ್ಟು ದಿನ ತಿಂದಿದ್ದು ಪಕ್ಷಕ್ಕೋಸ್ಕರ."